ಎದೆಬಡಿತಕ್ಕೆ ಕಡಿವಾಣ ಹಾಕುವ ಮಾತ್ರೆ: ನಿಲ್ಲಿಸುವ ಮುನ್ನ ಎರಡು ಬಾರಿ ಯೋಚಿಸಿ
ಹೃದ್ರೋಗಿಗಳು ಬೀಟಾ ಬ್ಲಾಕರ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಪಿಂಪ್ರಿ-ಚಿಂಚವಾಡ: ಮದ್ದಿನ ಕಾರ್ಖಾನೆಯಿಂದಲೇ ದೇಶಕ್ಕೆ ಪರಿಚಯವಾದ ಊರು ಪಿಂಪ್ರಿ. ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆ 1954ರಲ್ಲಿ ಇಲ್ಲಿ ಸ್ಥಾಪನೆಯಾಗಿ, ಮರುವರ್ಷವೇ ಪೆನಿಸಿಲಿನ್ ತಯಾರಿಸತೊಡಗಿತು. ಅದರ ಬೆನ್ನಿಗೇ ಟೆಲ್ಕೋ, ಬಜಾಜ್‌ನಂತಹ ದೊಡ್ಡ ಕಾರ್ಖಾನೆಗಳು ಬಂದವು. ಭೋಸರಿ, ಆಕುರ್ಡಿ, ಚಿಂಚವಾಡ, ನಿಗಡಿಗಳ ಬಯಲು ಔದ್ಯೋಗಿಕ ನಗರಿಯಾಗಿ ಬೆಳೆಯಿತು. ಕರಾವಳಿಯಿಂದ ಹೋಟೆಲು, ಕ್ಯಾಂಟೀನುಗಳನ್ನು ನೆಚ್ಚಿಕೊಂಡು ಬಂದವರು, ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಕೂಲಿನಾಲಿಗೆ ಬಂದವರು, ಯಂತ್ರಗಳ ಮುಂದೆ ಮೂರು ಪಾಳಿಯಲ್ಲಿ ದುಡಿದವರು, ಹೀಗೆ ಸಾವಿರಾರು ಕನ್ನಡಿಗರಿಗೆ ಈ ನಗರ ಕರ್ಮಭೂಮಿಯಾಯಿತು.

ಅಂದು ಒಂದು ಕಬ್ಬಿಣದ ಟ್ರಂಕಿನೊಂದಿಗೆ ರೈಲಿನಿಂದ ಇಳಿದಿದ್ದ ತಲೆಮಾರು ಇಂದು ಅರವತ್ತು, ಎಪ್ಪತ್ತು ದಾಟಿದೆ. ಮಕ್ಕಳು ಓದಿ ಕೆಲಸಕ್ಕೆ ಸೇರಿದ್ದಾರೆ, ಸ್ವಂತ ಫ್ಲ್ಯಾಟು ಆಗಿದೆ. ಅದರ ಜೊತೆಗೇ ಬಿ.ಪಿ., ಶುಗರ್, ಹೃದಯದ ತೊಂದರೆಗಳೂ ಮನೆ ಸೇರಿವೆ. ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಡಬ್ಬಿಯನ್ನು ತೆರೆದರೆ ನಾಲ್ಕಾರು ಬಗೆಯ ಮಾತ್ರೆಗಳ ಪಟ್ಟಿಗಳು ಸಿಗುತ್ತವೆ. ಅವುಗಳಲ್ಲಿ 'ಲಾಲ್' ಎಂದು ಕೊನೆಗೊಳ್ಳುವ ಹೆಸರಿನ ಮಾತ್ರೆಯೊಂದು ಇದ್ದರೆ ಅದು ಬಹುತೇಕ ಬೀಟಾ ಬ್ಲಾಕರ್ ಗುಂಪಿಗೆ ಸೇರಿದ್ದು. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್, ಪ್ರೊಪ್ರನೊಲಾಲ್ ಇವೆಲ್ಲ ಒಂದೇ ಕುಟುಂಬದವು.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹಠಾತ್ ನಿಧನರಾದಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಮುಗಿಬಿದ್ದಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗಲೂ ಅದೇ ದೃಶ್ಯ. ಹೆದರಿಕೆ ಬಂದಾಗ ತಪಾಸಣೆಗೆ ಓಡುವುದು ಸಹಜ. ಆದರೆ ತಪಾಸಣೆಯ ಬಳಿಕ ಬರೆದುಕೊಟ್ಟ ಮಾತ್ರೆಯನ್ನು ವರ್ಷಗಟ್ಟಲೆ ಸರಿಯಾಗಿ ನುಂಗುವುದರ ಬಗ್ಗೆ ಮಾತನಾಡುವವರು ಕಡಿಮೆ. ಬೀಟಾ ಬ್ಲಾಕರ್ ವಿಷಯದಲ್ಲಂತೂ ಈ ಅಜ್ಞಾನ ಪ್ರಾಣಕ್ಕೇ ಎರವಾಗಬಹುದು.

ಏನಿದು ಬೀಟಾ ಬ್ಲಾಕರ್?

ಸಿಟ್ಟು, ಭಯ, ಗಾಬರಿ ಉಂಟಾದಾಗ ಎದೆ ಡವಡವ ಹೊಡೆದುಕೊಳ್ಳುವುದು ಎಲ್ಲರಿಗೂ ಗೊತ್ತು. ಅಡ್ರಿನಲಿನ್ ಮತ್ತು ಅದರ ಜಾತಿಯ ಇನ್ನೊಂದು ರಾಸಾಯನಿಕ ರಕ್ತದಲ್ಲಿ ಏರಿದಾಗ ಹೀಗಾಗುತ್ತದೆ. ಹೃದಯದ ಸ್ನಾಯುಗಳ ಮೇಲೆ ಇವು ಬಂದು ಕೂರುವ ತಾಣಗಳಿಗೆ 'ಬೀಟಾ' ಗ್ರಾಹಕಗಳೆಂದು ಹೆಸರು. ಬೀಟಾ ಬ್ಲಾಕರ್ ಮಾತ್ರೆ ಈ ತಾಣಗಳನ್ನು ಮೊದಲೇ ಹೋಗಿ ಆಕ್ರಮಿಸಿಕೊಳ್ಳುತ್ತದೆ. ಬೀಗದ ಕಿಂಡಿಯಲ್ಲಿ ಬೇರೊಂದು ಕೀಲಿ ಸಿಕ್ಕಿಸಿಟ್ಟಂತೆ, ಅಡ್ರಿನಲಿನ್ ಬಂದರೂ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಪರಿಣಾಮವಾಗಿ ಎದೆಬಡಿತ ನಿಧಾನವಾಗುತ್ತದೆ, ಹೃದಯ ಹಿಂಡುವ ರಭಸ ತಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ದಣಿದ ಹೃದಯಕ್ಕೆ ಬೇಕಾದ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ.

ಈ ಔಷಧಿಯನ್ನು ಕಂಡುಹಿಡಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಅವರ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಹೃದಯಕ್ಕೆ ಹೆಚ್ಚು ರಕ್ತ ಹರಿಸಲು ಎಲ್ಲರೂ ಹೆಣಗುತ್ತಿದ್ದ ಕಾಲದಲ್ಲಿ, ಹೃದಯದ ಬೇಡಿಕೆಯನ್ನೇ ಏಕೆ ಕಡಿಮೆ ಮಾಡಬಾರದು ಎಂದು ಅವರು ಯೋಚಿಸಿದರು. ಆ ಯೋಚನೆಯ ಫಲವಾಗಿ 1964ರಲ್ಲಿ ಪ್ರೊಪ್ರನೊಲಾಲ್ ಬಂತು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. 1981ರಲ್ಲಿ ನಾರ್ವೆಯಲ್ಲಿ, 1982ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು, ಹೃದಯಾಘಾತದಿಂದ ಪಾರಾದವರಲ್ಲಿ ಈ ಮಾತ್ರೆಗಳು ಸಾವಿನ ಪ್ರಮಾಣವನ್ನು ತಗ್ಗಿಸುತ್ತವೆ ಎಂಬುದನ್ನು ತೋರಿಸಿಕೊಟ್ಟವು.

ಇಂದು ಈ ಮಾತ್ರೆಗಳನ್ನು ಎದೆನೋವು, ಹೃದಯಾಘಾತದ ನಂತರದ ಆರೈಕೆ, ಎದೆಬಡಿತದ ಲಯ ತಪ್ಪುವಿಕೆ, ಹೃದಯ ದುರ್ಬಲಗೊಂಡ ಸ್ಥಿತಿ, ಅಧಿಕ ರಕ್ತದೊತ್ತಡ ಇವುಗಳಿಗೆ ಬಳಸುತ್ತಾರೆ. ಪ್ರೊಪ್ರನೊಲಾಲ್ ಅನ್ನು ಅರೆತಲೆನೋವು, ಕೈನಡುಕ ಮತ್ತು ಥೈರಾಯ್ಡ್ ಹೆಚ್ಚಾದಾಗಿನ ಎದೆಬಡಿತಕ್ಕೂ ಕೊಡುವುದುಂಟು. ಆದ್ದರಿಂದ ಒಂದೇ ಮಾತ್ರೆಯನ್ನು ಇಬ್ಬರು ನುಂಗುತ್ತಿದ್ದರೂ ಇಬ್ಬರ ಕಾಯಿಲೆ ಬೇರೆ ಬೇರೆ ಇರಬಹುದು. 'ಪಕ್ಕದ ಮನೆಯವರು ಬಿಟ್ಟರು, ಅವರಿಗೇನೂ ಆಗಲಿಲ್ಲ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ದುರ್ಬಲ ಹೃದಯಕ್ಕೆ ಆಸರೆ

ಹೃದಯದ ಪಂಪು ದುರ್ಬಲವಾಗಿದ್ದರೆ ಅದನ್ನು ಇನ್ನಷ್ಟು ನಿಧಾನಗೊಳಿಸುವ ಮಾತ್ರೆ ಕೊಡಬಾರದೆಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಕುರಿತು ಪ್ರಕಟವಾದ ಎರಡು ಅಧ್ಯಯನಗಳು ಈ ನಂಬಿಕೆಯನ್ನು ತಲೆಕೆಳಗು ಮಾಡಿದವು. ಪಂಪಿನ ಶಕ್ತಿ ಕುಂದಿದ ರೋಗಿಗಳಲ್ಲಿ ಸಾವಿನ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. 2001ರಲ್ಲಿ ಕಾರ್ವೆಡಿಲಾಲ್ ಬಗ್ಗೆಯೂ ಅಂಥದ್ದೇ ಫಲಿತಾಂಶ ಬಂತು.

ಆದರೆ ಇಲ್ಲೊಂದು ಕಿವಿಮಾತಿದೆ. ದುರ್ಬಲ ಹೃದಯದವರಿಗೆ ವೈದ್ಯರು ತೀರಾ ಕಡಿಮೆ ಪ್ರಮಾಣದಿಂದ ಶುರುಮಾಡಿ, ಎರಡು ಮೂರು ವಾರಗಳಿಗೊಮ್ಮೆ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಮೊದಲ ಕೆಲವು ವಾರ ಸುಸ್ತು ಹೆಚ್ಚಾದಂತೆ, ಕಾಲು ಬಾತಂತೆ ಅನ್ನಿಸಬಹುದು. 'ಮಾತ್ರೆ ತೆಗೆದುಕೊಂಡ ಮೇಲೆಯೇ ಕಷ್ಟವಾಯಿತು' ಎಂದು ಮನೆಯಲ್ಲೇ ತೀರ್ಮಾನಿಸಿ ಅಟ್ಟಕ್ಕೆಸೆಯುವ ಬದಲು ವೈದ್ಯರಿಗೆ ಹೇಳಬೇಕು. ದಿನವೂ ಬೆಳಗ್ಗೆ ತೂಕ ನೋಡಿಕೊಳ್ಳಬೇಕು. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ತೂಕ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನೀರು ನಿಲ್ಲುತ್ತಿರುವ ಸೂಚನೆ. ತಡಮಾಡದೆ ವೈದ್ಯರನ್ನು ಕಾಣಬೇಕು.

ಅಡ್ಡ ಪರಿಣಾಮಗಳು ಯಾವುವು?

ಎಲ್ಲ ಔಷಧಿಗಳಂತೆ ಇವಕ್ಕೂ ಅಡ್ಡ ಪರಿಣಾಮಗಳಿವೆ. ಹೆಚ್ಚಿನವು ಸೌಮ್ಯವಾದವು, ಕೆಲವು ವಾರಗಳಲ್ಲಿ ತಾವಾಗಿಯೇ ಕಡಿಮೆಯಾಗುವಂಥವು.

ಸುಸ್ತು ಮೊದಲನೆಯದು. ಮೆಟ್ಟಿಲು ಹತ್ತುವಾಗ ಕಾಲು ಸೋತಂತೆ, ಮೊದಲಿನ ಹುರುಪು ಇಲ್ಲದಂತೆ ಅನ್ನಿಸುತ್ತದೆ. ಎರಡನೆಯದು ತಲೆಸುತ್ತು. ಹಾಸಿಗೆಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರಬಹುದು. ಎದ್ದು ಕೂತು, ಅರೆ ನಿಮಿಷ ಕಾಲು ಇಳಿಬಿಟ್ಟು, ಆಮೇಲೆ ನಿಲ್ಲುವುದು ಒಳ್ಳೆಯದು. ರಾತ್ರಿ ಬಚ್ಚಲಿಗೆ ಹೋಗುವ ಹಿರಿಯರಿಗೆ ಈ ಮಾತು ಮುಖ್ಯ.

ಕೈಕಾಲು ತಣ್ಣಗಾಗುವುದು ಇನ್ನೊಂದು. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಚಳಿ ಕರಾವಳಿಯವರಿಗೆ ಮೊದಲೇ ಹೆಚ್ಚು. ಮಾತ್ರೆಯಿಂದ ಬೆರಳ ತುದಿಗಳಿಗೆ ರಕ್ತಸಂಚಾರ ಕಡಿಮೆಯಾಗಿ ಚಳಿ ಇನ್ನಷ್ಟು ಕಾಡಬಹುದು. ಕಾಲುಚೀಲ, ಕೈಗವಸು ಧರಿಸಿದರೆ ಸಾಕಾಗುತ್ತದೆ. ಬೆರಳು ನೀಲಿಗಟ್ಟಿದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಕೆಲವರಿಗೆ ನಿದ್ದೆಗೆಟ್ಟು ವಿಚಿತ್ರ ಕನಸುಗಳು ಬೀಳುತ್ತವೆ. ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ಗಳಲ್ಲಿ ಇದು ಹೆಚ್ಚು. ಬೇರೆ ಮಾತ್ರೆಗೆ ಬದಲಾಯಿಸಿದರೆ ಸರಿಹೋಗುವುದುಂಟು.

ಹೇಳಲು ಸಂಕೋಚಪಡುವ ತೊಂದರೆಯೂ ಒಂದಿದೆ. ಕೆಲವು ಪುರುಷರಲ್ಲಿ ಲೈಂಗಿಕ ಶಕ್ತಿ ಕುಂದಬಹುದು. ಹೆಂಡತಿಗೂ ಹೇಳದೆ, ವೈದ್ಯರಿಗೂ ಹೇಳದೆ ಗುಟ್ಟಾಗಿ ಮಾತ್ರೆ ಬಿಡುವವರಲ್ಲಿ ಇಂಥವರೂ ಇರುತ್ತಾರೆ. ಇದಕ್ಕೆ ಸಕ್ಕರೆ ಕಾಯಿಲೆ, ರಕ್ತನಾಳದ ತೊಂದರೆ, ಮನಸ್ಸಿನ ಆತಂಕವೂ ಕಾರಣವಿರಬಹುದು. ಮಾತ್ರೆಯೇ ಕಾರಣವಾಗಿದ್ದರೆ ಬದಲಿ ಇದೆ. ನಾಚಿಕೆ ಬಿಟ್ಟು ಕೇಳುವುದೇ ಇದಕ್ಕಿರುವ ದಾರಿ.

ಇನ್ನು ಗಂಭೀರವಾದವು. ದಮ್ಮು ಇರುವವರಿಗೆ ಪ್ರೊಪ್ರನೊಲಾಲ್, ಕಾರ್ವೆಡಿಲಾಲ್‌ನಂಥವು ಶ್ವಾಸನಾಳವನ್ನು ಬಿಗಿಗೊಳಿಸಿ ಉಬ್ಬಸ ತರಬಹುದು. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಮುಂತಾದವು ಹೆಚ್ಚಾಗಿ ಹೃದಯದ ಮೇಲಷ್ಟೇ ಕೆಲಸ ಮಾಡುವುದರಿಂದ ಅಪಾಯ ಕಡಿಮೆ, ಆದರೂ ಎಚ್ಚರಿಕೆ ಬೇಕೇ ಬೇಕು. ಚಿಕ್ಕಂದಿನಲ್ಲಿ ದಮ್ಮು ಇತ್ತೆಂಬುದನ್ನೂ ವೈದ್ಯರಿಗೆ ಮರೆಯದೆ ಹೇಳಬೇಕು.

ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯಿದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ದೇಹ ಕೊಡುವ ಎಚ್ಚರಿಕೆಯ ಗಂಟೆ. ಬೀಟಾ ಬ್ಲಾಕರ್ ಈ ಗಂಟೆಯ ಸದ್ದನ್ನೇ ಅಡಗಿಸಿಬಿಡುತ್ತದೆ. ಆದರೆ ಬೆವರುವುದು ಮಾತ್ರ ಉಳಿಯುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಕಾರಣವಿಲ್ಲದೆ ತಣ್ಣನೆಯ ಬೆವರು ಬಂದರೆ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಬೇಕು. ಯಂತ್ರ ಕೈಗೆ ಸಿಗದಿದ್ದರೆ ಸಕ್ಕರೆ ನೀರು ಕುಡಿಯಬೇಕು. ಏಕಾದಶಿ, ಶ್ರಾವಣ ಸೋಮವಾರ, ನವರಾತ್ರಿಯ ಉಪವಾಸ ಮಾಡುವವರು, ರಂಜಾನ್ ರೋಜಾ ಹಿಡಿಯುವವರು ಮೊದಲೇ ವೈದ್ಯರ ಸಲಹೆ ಪಡೆಯುವುದು ಕ್ಷೇಮ.

ಥಟ್ಟನೆ ನಿಲ್ಲಿಸಿದರೆ ಅಪಾಯ

ಇಡೀ ವಿಷಯದಲ್ಲಿ ಒಂದೇ ಮಾತನ್ನು ನೆನಪಿಡಬೇಕೆಂದರೆ ಅದು ಇದು: ಬೀಟಾ ಬ್ಲಾಕರ್ ಅನ್ನು ಏಕಾಏಕಿ ನಿಲ್ಲಿಸಬಾರದು.

ತಿಂಗಳುಗಟ್ಟಲೆ ಅಡ್ರಿನಲಿನ್‌ಗೆ ಬಾಗಿಲು ಮುಚ್ಚಿದ್ದರಿಂದ ಹೃದಯ ಹೊಸ ಹೊಸ ಗ್ರಾಹಕಗಳನ್ನು ಬೆಳೆಸಿಕೊಂಡು ಹೆಚ್ಚು ಸೂಕ್ಷ್ಮವಾಗಿರುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ತಡೆದಿಟ್ಟ ಅಡ್ರಿನಲಿನ್ ಕಟ್ಟೆಯೊಡೆದ ಕೆರೆಯಂತೆ ನುಗ್ಗುತ್ತದೆ. ಎದೆಬಡಿತ ಏರುತ್ತದೆ, ಬಿ.ಪಿ. ಏರುತ್ತದೆ, ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಅಮೆರಿಕದಲ್ಲಿ ಅಟೆನೊಲಾಲ್‌ನಂತಹ ಮಾತ್ರೆಗಳ ಮಾಹಿತಿ ಪತ್ರದಲ್ಲಿ ಈ ಎಚ್ಚರಿಕೆಯನ್ನು ಚೌಕಟ್ಟು ಕಟ್ಟಿ ಮುದ್ರಿಸುವುದು ಇದೇ ಕಾರಣಕ್ಕೆ. ನಿಲ್ಲಿಸಲೇಬೇಕಾದರೆ ವೈದ್ಯರು ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಪ್ರಮಾಣ ಇಳಿಸುತ್ತಾರೆ.

ಯಾರೂ ಬೇಕೆಂದು ಅಪಾಯ ತಂದುಕೊಳ್ಳುವುದಿಲ್ಲ. ಮದುವೆ, ಕೋಲ, ಜಾತ್ರೆಗೆಂದು ಊರಿಗೆ ಹೊರಟವರು ನಾಲ್ಕು ದಿನದ ಮಾತ್ರೆ ಕಟ್ಟಿಕೊಂಡು ಹೋಗಿ ಹತ್ತು ದಿನ ಉಳಿಯುತ್ತಾರೆ. ಮಾತ್ರೆಯ ಪೊಟ್ಟಣ ಬಸ್ಸಿನ ಡಿಕ್ಕಿಯಲ್ಲಿನ ಸೂಟ್‌ಕೇಸಿನೊಳಗೆ ಸೇರಿರುತ್ತದೆ. ಊರಿನ ಪೇಟೆಯಲ್ಲಿ ಅದೇ ಬ್ರ್ಯಾಂಡು ಸಿಗುವುದಿಲ್ಲ. 'ಊರಿನ ಹವೆಗೆ ಮೈ ಹಗುರಾಗಿದೆ, ನಾಲ್ಕು ದಿನ ಬಿಟ್ಟರೇನು' ಎಂಬ ಉದಾಸೀನವೂ ಸೇರುತ್ತದೆ. ಅದೇ ಸಮಯದಲ್ಲಿ ಚಪ್ಪರ, ಪರಿಕರ, ನೆಂಟರು ಎಂದು ಓಡಾಟವೂ ಹೆಚ್ಚಿರುತ್ತದೆ. ಹೃದಯಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಬೇರೆ ಬೇಕಿಲ್ಲ.

ಪರಿಹಾರ ಸರಳ. ಉಳಿಯುವ ದಿನಗಳಿಗಿಂತ ಒಂದು ವಾರ ಹೆಚ್ಚಿನ ಮಾತ್ರೆ ಕೈಚೀಲದಲ್ಲೇ ಇರಲಿ. ವೈದ್ಯರ ಚೀಟಿಯ ನಕಲು ಒಂದು ಪರ್ಸಿನಲ್ಲಿ, ಒಂದು ಮೊಬೈಲಿನಲ್ಲಿ ಇರಲಿ. ಬ್ರ್ಯಾಂಡಿನ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರು ಮತ್ತು ಪ್ರಮಾಣವನ್ನು ಬರೆಸಿಕೊಂಡಿದ್ದರೆ ಉಡುಪಿಯಲ್ಲಾಗಲಿ, ಸಿಂದಗಿಯಲ್ಲಾಗಲಿ ಔಷಧಿ ಅಂಗಡಿಯವರು ಹುಡುಕಿಕೊಡುತ್ತಾರೆ. ಜನೌಷಧಿ ಕೇಂದ್ರಗಳಲ್ಲಿ ಮೂಲ ಹೆಸರಿನಲ್ಲೇ ಕಡಿಮೆ ಬೆಲೆಗೆ ಸಿಗುತ್ತದೆ.

ಒಂದು ಹೊತ್ತು ಮರೆತುಹೋದರೆ? ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಎರಡನ್ನೂ ಒಟ್ಟಿಗೆ ನುಂಗಕೂಡದು. ಪಾಳಿ ಬದಲಾಗುವ ಕಾರ್ಮಿಕರು ಪಾಳಿಯ ಲೆಕ್ಕ ಹಿಡಿಯದೆ ಗಡಿಯಾರದ ಒಂದೇ ಹೊತ್ತನ್ನು ನಿಗದಿಮಾಡಿಕೊಂಡರೆ ಮರೆವು ಕಡಿಮೆಯಾಗುತ್ತದೆ.

ಎರಡು ಊರು, ಇಬ್ಬರು ವೈದ್ಯರು

ವಲಸಿಗರಿಗೆ ಮಾತ್ರ ಇರುವ ಒಂದು ತೊಡಕಿದೆ. ಇಲ್ಲಿ ಒಬ್ಬ ವೈದ್ಯರು, ಊರಿನಲ್ಲಿ ಇನ್ನೊಬ್ಬರು. ಇಲ್ಲಿನವರು ಮೆಟ್ ಎಕ್ಸ್‌ಎಲ್ ಬರೆದಿರುತ್ತಾರೆ, ಊರಿನವರು ಮೆಟೊಲಾರ್ ಬರೆಯುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಎರಡರಲ್ಲೂ ಮೆಟೊಪ್ರೊಲಾಲ್. ಎರಡನ್ನೂ ನುಂಗಿದರೆ ಪ್ರಮಾಣ ದುಪ್ಪಟ್ಟಾಗಿ ನಾಡಿ ಅಪಾಯಕಾರಿಯಾಗಿ ಇಳಿಯಬಹುದು. ಎರಡು ಔಷಧಿಗಳನ್ನು ಸೇರಿಸಿದ ಸಂಯುಕ್ತ ಮಾತ್ರೆಗಳಲ್ಲಂತೂ ಬೀಟಾ ಬ್ಲಾಕರ್ ಅಡಗಿಕೊಂಡಿರುವುದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಯಾವ ವೈದ್ಯರ ಬಳಿಗೆ ಹೋದರೂ ಮನೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುವುದೇ ಉತ್ತಮ.

ಮೆಟೊಪ್ರೊಲಾಲ್‌ನಲ್ಲಿಯೇ ಎರಡು ಬಗೆಗಳಿವೆ. 'ಟಾರ್ಟ್ರೇಟ್' ಬೇಗ ಕರಗಿ ಬೇಗ ಇಳಿಯುವಂಥದ್ದು, 'ಸಕ್ಸಿನೇಟ್' ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಅಂಗಡಿಯಲ್ಲಿ ಬದಲಿ ಕೊಟ್ಟರೆ ಈ ಪದವನ್ನು ಓದಿ ನೋಡಬೇಕು. ನಿಧಾನವಾಗಿ ಕರಗುವ ಮಾತ್ರೆಯನ್ನು ಜಗಿಯಬಾರದು, ಕುಟ್ಟಿ ಪುಡಿಮಾಡಬಾರದು. ನಡುವೆ ಗೆರೆಯಿದ್ದು ವೈದ್ಯರು ಹೇಳಿದ್ದರೆ ಮಾತ್ರ ಅರ್ಧ ಮಾಡಬಹುದು. ಮೆಟೊಪ್ರೊಲಾಲ್ ಮತ್ತು ಕಾರ್ವೆಡಿಲಾಲ್ ಅನ್ನು ಊಟ ಅಥವಾ ತಿಂಡಿಯ ಜೊತೆಗೆ ತೆಗೆದುಕೊಳ್ಳಬೇಕು. ಕಾರ್ವೆಡಿಲಾಲ್ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ತಲೆಸುತ್ತು ಹೆಚ್ಚಬಹುದು.

ಬೇರೆ ಔಷಧಿಗಳ ಜೊತೆಗಿನ ಗುದ್ದಾಟವನ್ನೂ ತಿಳಿದಿರಬೇಕು. ವೆರಾಪಮಿಲ್, ಡಿಲ್ಟಿಯಾಜೆಮ್ ಎಂಬ ಹೃದಯದ ಮಾತ್ರೆಗಳು ಬೀಟಾ ಬ್ಲಾಕರ್ ಜೊತೆ ಸೇರಿದರೆ ನಾಡಿ ತೀರಾ ಕೆಳಗಿಳಿಯಬಹುದು. ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬಿ.ಪಿ. ಇಳಿಸುವ ಗುಣವನ್ನು ಕುಂದಿಸುತ್ತವೆ. ಶೀತಕ್ಕೆ ಚೀಟಿಯಿಲ್ಲದೆ ಕೊಳ್ಳುವ ಕೆಲವು ಮಾತ್ರೆಗಳು ಬಿ.ಪಿ. ಏರಿಸುತ್ತವೆ. ಬಿ.ಪಿ.ಗೆಂದು ಸರ್ಪಗಂಧಿ ಸೇರಿದ ನಾಟಿ ಮದ್ದು ತೆಗೆದುಕೊಳ್ಳುವವರು ಅದನ್ನೂ ವೈದ್ಯರಿಗೆ ಹೇಳಬೇಕು. ಎರಡೂ ಸೇರಿ ನಾಡಿಯನ್ನೂ ಒತ್ತಡವನ್ನೂ ಹೆಚ್ಚು ಇಳಿಸಬಲ್ಲವು.

ಅನೇಕರಿಗೆ ಅಚ್ಚರಿಯಾಗುವ ಸಂಗತಿಯೆಂದರೆ, ಕಣ್ಣಿನ ಒತ್ತಡ ಹೆಚ್ಚಾಗುವ ಗ್ಲಾಕೋಮಾ ಕಾಯಿಲೆಗೆ ಹಾಕುವ ಟಿಮೊಲಾಲ್ ಹನಿಗಳೂ ಬೀಟಾ ಬ್ಲಾಕರ್ ಜಾತಿಯವೇ. ಕಣ್ಣಿಗೆ ಹಾಕಿದ ಹನಿ ಮೂಗಿನ ಮೂಲಕ ಇಳಿದು ರಕ್ತ ಸೇರುತ್ತದೆ. ಕಣ್ಣಿನ ವೈದ್ಯರಿಗೆ ಹೃದಯದ ಮಾತ್ರೆಯ ವಿಷಯ, ಹೃದಯದ ವೈದ್ಯರಿಗೆ ಕಣ್ಣಿನ ಹನಿಯ ವಿಷಯ ಗೊತ್ತಿರಬೇಕು.

ಮೂತ್ರಪಿಂಡದ ತೊಂದರೆ ಇರುವವರಿಗೆ ಅಟೆನೊಲಾಲ್ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಗರ್ಭಿಣಿಯರು, ಗರ್ಭಧಾರಣೆಗೆ ಯೋಚಿಸುತ್ತಿರುವವರು ಮಾತ್ರೆಯ ಬಗ್ಗೆ ಮೊದಲೇ ಕೇಳಬೇಕು. ಅಟೆನೊಲಾಲ್ ಅವರಿಗೆ ಹೇಳಿಸಿದ್ದಲ್ಲ, ಲಬೆಟಲಾಲ್‌ನಂಥ ಬದಲಿ ಇದೆ. ಶಸ್ತ್ರಚಿಕಿತ್ಸೆ ಅಥವಾ ಹಲ್ಲು ಕೀಳಿಸುವ ಮುನ್ನ ಮಾತ್ರೆಯ ವಿಷಯ ತಿಳಿಸಬೇಕು, ಆದರೆ ತಾವಾಗಿಯೇ ನಿಲ್ಲಿಸಬಾರದು. ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಮಾತ್ರೆ ಡಬ್ಬಿ ಎತ್ತರದಲ್ಲಿರಲಿ. ಒಂದೆರಡು ಮಾತ್ರೆಯೂ ಪುಟ್ಟ ಮಗುವಿಗೆ ಅಪಾಯಕಾರಿ.

'ದಮ್ ಲಾಗತೋ' ಎಂದರೆ ಏನು?

ಊರಿನಲ್ಲಿ ಒಂಟಿಯಾಗಿದ್ದ ತಾಯಿಯನ್ನೋ ತಂದೆಯನ್ನೋ ವಯಸ್ಸಾದ ಮೇಲೆ ಇಲ್ಲಿಗೆ ಕರೆತಂದ ಮನೆಗಳು ಹಲವು. ಅವರಿಗೆ ಮರಾಠಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ವೈದ್ಯರ ಮುಂದೆ ಮಗನೋ ಸೊಸೆಯೋ ಮಾತನಾಡುತ್ತಾರೆ, ಹಿರಿಯರು ಸುಮ್ಮನೆ ತಲೆಯಾಡಿಸುತ್ತಾರೆ. 'ಎದೆ ಹಿಡಿದ ಹಾಗಾಗುತ್ತದೆ', 'ಜೀವ ಜಲ್ಲೆನ್ನುತ್ತದೆ', 'ತೇಕು ಬರುತ್ತದೆ' ಎಂಬ ಅವರ ಮಾತುಗಳು ಭಾಷಾಂತರದಲ್ಲಿ 'ಸ್ವಲ್ಪ ವೀಕ್‌ನೆಸ್' ಆಗಿಬಿಡುತ್ತವೆ. ಹಗಲು ಮನೆಯಲ್ಲಿ ಅವರೊಬ್ಬರೇ ಇರುವಾಗ ಪಕ್ಕದ ಮನೆಯವರಿಗೂ ಹೇಳಲಾಗದ ಸ್ಥಿತಿ.

ನಾಲ್ಕಾರು ಮರಾಠಿ ಮಾತುಗಳನ್ನು ಕಲಿಸಿಟ್ಟರೆ ಆಪತ್ತಿಗೆ ಒದಗುತ್ತವೆ. ಎದೆ ನೋಯುತ್ತದೆ ಎನ್ನಲು 'ಛಾತೀತ್ ದುಖತೇ', ಉಸಿರುಗಟ್ಟುತ್ತದೆ ಎನ್ನಲು 'ದಮ್ ಲಾಗತೋ', ತಲೆಸುತ್ತು ಎನ್ನಲು 'ಚಕ್ಕರ್ ಯೇತೇ'. ಔಷಧಿ ಅಂಗಡಿಯವರು 'ಜೇವಣಾನಂತರ್' ಎಂದರೆ ಊಟದ ನಂತರ, 'ಉಪಾಶೀ ಪೋಟೀ' ಎಂದರೆ ಖಾಲಿ ಹೊಟ್ಟೆಯಲ್ಲಿ, 'ಅರ್ಧೀ ಗೋಳೀ' ಎಂದರೆ ಅರ್ಧ ಮಾತ್ರೆ. ಮಾತ್ರೆಯ ಪಟ್ಟಿಯ ಮೇಲೆ ಸ್ಕೆಚ್ ಪೆನ್ನಿನಿಂದ ಕನ್ನಡದಲ್ಲಿ 'ಬೆಳಗ್ಗೆ ತಿಂಡಿಯ ಜೊತೆ' ಎಂದು ಬರೆದಿಟ್ಟರೆ ಇನ್ನೂ ಒಳ್ಳೆಯದು. ವೈದ್ಯರ ಮುಂದೆ ಹಿರಿಯರನ್ನೇ ಮೊದಲು ಮಾತನಾಡಲು ಬಿಟ್ಟು, ಅವರ ಮಾತನ್ನು ಕತ್ತರಿಸದೆ ದಾಟಿಸುವುದು ಮಕ್ಕಳ ಕರ್ತವ್ಯ.

ಮನೆಯಲ್ಲೇ ನಾಡಿ ನೋಡಿಕೊಳ್ಳಿ

ಬೀಟಾ ಬ್ಲಾಕರ್ ತೆಗೆದುಕೊಳ್ಳುವ ಪ್ರತಿಯೊಬ್ಬರೂ ನಾಡಿ ಎಣಿಸಲು ಕಲಿಯಬೇಕು. ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಬೇಕು. ಆರೋಗ್ಯವಂತರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ಈ ಮಾತ್ರೆ ನುಂಗುವವರಲ್ಲಿ 55ರಿಂದ 60ರ ಆಸುಪಾಸಿಗೆ ಇಳಿದು, ಬೇರೆ ತೊಂದರೆ ಇಲ್ಲದಿದ್ದರೆ ಅದು ಮಾತ್ರೆ ಕೆಲಸ ಮಾಡುತ್ತಿರುವ ಲಕ್ಷಣವಷ್ಟೇ. 50ಕ್ಕಿಂತ ಕೆಳಗಿಳಿದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರಿಗೆ ಫೋನ್ ಮಾಡಬೇಕು. ತನಗೆ ಯಾವ ಸಂಖ್ಯೆ ಮಿತಿ ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡರೆ ಗೊಂದಲವಿಲ್ಲ. ನಾಡಿ, ಬಿ.ಪಿ., ತೂಕ ಈ ಮೂರನ್ನು ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಬೇಕು.

ಬೆಳಗಿನ ವಾಕಿಂಗ್ ಬಿಡಬೇಕಿಲ್ಲ. ಆದರೆ ಈ ಮಾತ್ರೆ ಇರುವಾಗ ನಾಡಿ ಮೊದಲಿನಷ್ಟು ಏರುವುದಿಲ್ಲ, ಆದ್ದರಿಂದ ಕೈಗಡಿಯಾರದ ಲೆಕ್ಕ ನಂಬುವಂತಿಲ್ಲ. ನಡೆಯುತ್ತ ಜೊತೆಗಾರನೊಡನೆ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ, ಮಾತು ತುಂಡಾಗುತ್ತಿದ್ದರೆ ನಿಧಾನಿಸಬೇಕು.

ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆನೋವು ಹತ್ತು ಹದಿನೈದು ನಿಮಿಷ ಬಿಡದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ತುಟಿ ಮುಖ ಬಾತರೆ 108ಕ್ಕೆ ಕರೆಮಾಡಬೇಕು. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ತುರ್ತು ಆಂಬುಲೆನ್ಸ್ ಸಂಖ್ಯೆ ಅದೇ. ಪಿಂಪ್ರಿಯ ಸಂತ ತುಕಾರಾಮ ನಗರದಲ್ಲಿ ಮಹಾನಗರಪಾಲಿಕೆಯ ಯಶವಂತರಾವ್ ಚವ್ಹಾಣ್ ಸ್ಮಾರಕ ಆಸ್ಪತ್ರೆಯಿದೆ. ತಮ್ಮ ಮನೆಗೆ ಹತ್ತಿರವಾಗಿ ರಾತ್ರಿಯೂ ಹೃದಯದ ಚಿಕಿತ್ಸೆ ದೊರೆಯುವ ಆಸ್ಪತ್ರೆ ಯಾವುದೆಂದು ಪ್ರತಿ ಕುಟುಂಬವೂ ಆಪತ್ತು ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ಜೀವನಪೂರ್ತಿ ನುಂಗಬೇಕೇ?

ಹೃದಯಾಘಾತವಾದವರೆಲ್ಲ ಕೊನೆಯತನಕ ಈ ಮಾತ್ರೆ ನುಂಗಬೇಕೆಂಬುದು ದಶಕಗಳ ರೂಢಿ. ಆದರೆ ಆ ಅಧ್ಯಯನಗಳು ನಡೆದದ್ದು ಆಂಜಿಯೋಪ್ಲಾಸ್ಟಿ, ಸ್ಟೆಂಟ್‌ಗಳು ಸಾಮಾನ್ಯವಾಗುವ ಮೊದಲು. ಈಗ ವಿಜ್ಞಾನಿಗಳು ಹಳೆಯ ರೂಢಿಯನ್ನು ಮತ್ತೆ ಒರೆಗೆ ಹಚ್ಚುತ್ತಿದ್ದಾರೆ. ಹೃದಯಾಘಾತದ ನಂತರವೂ ಪಂಪಿನ ಶಕ್ತಿ ಚೆನ್ನಾಗಿ ಉಳಿದವರಲ್ಲಿ ಈ ಮಾತ್ರೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲವೆಂದು 2024ರಲ್ಲಿ ಸ್ವೀಡನ್ ನೇತೃತ್ವದ ಅಧ್ಯಯನ ಹೇಳಿತು. 2025ರಲ್ಲಿ ಸ್ಪೇನ್ ಮತ್ತು ಇಟಲಿಯ 8,505 ರೋಗಿಗಳ ಮೇಲೆ ನಡೆದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಕಂಡುಕೊಂಡಿತು. ಅದೇ ವರ್ಷ ನಾರ್ವೆ ಮತ್ತು ಡೆನ್ಮಾರ್ಕಿನ 5,574 ರೋಗಿಗಳಲ್ಲಿ ಮಾತ್ರ ಸ್ವಲ್ಪ ಪ್ರಯೋಜನ ಕಂಡುಬಂತು. ಫ್ರಾನ್ಸಿನಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದವರು ಮಾತ್ರೆ ಬಿಟ್ಟಾಗ ಆಸ್ಪತ್ರೆ ಸೇರುವ ಪ್ರಮಾಣ ಹೆಚ್ಚಾಗಿತ್ತು.

ಇದರ ಅರ್ಥ ಇಷ್ಟೇ: ಕೆಲವರಿಗೆ ಮಾತ್ರೆಯ ಅಗತ್ಯ ಮುಗಿದಿರಬಹುದು, ಕೆಲವರಿಗೆ ಅದೇ ಪ್ರಾಣರಕ್ಷಕ. ಪಂಪಿನ ಶಕ್ತಿ ಕುಂದಿದವರು, ಲಯ ತಪ್ಪಿದವರು, ಎದೆನೋವು ಇನ್ನೂ ಬರುವವರು ಬಿಡುವಂತಿಲ್ಲ. ಯಾರು ಯಾವ ಗುಂಪಿಗೆ ಸೇರಿದವರೆಂದು ತಿಳಿಯಲು ಎಕೋ ಪರೀಕ್ಷೆಯ ವರದಿ ಬೇಕು. 'ವಿದೇಶದಲ್ಲಿ ಬೇಡ ಎಂದಿದ್ದಾರಂತೆ' ಎಂದು ಮೊಬೈಲಿಗೆ ಬಂದ ಸಂದೇಶ ನೋಡಿ ನಿಲ್ಲಿಸುವುದು ಬೇಡ. ಮುಂದಿನ ಭೇಟಿಯಲ್ಲಿ ಎಕೋ ವರದಿ ಹಿಡಿದು, 'ನನಗೆ ಈ ಮಾತ್ರೆ ಯಾತಕ್ಕೆ, ಇನ್ನೆಷ್ಟು ದಿನ' ಎಂದು ವೈದ್ಯರನ್ನೇ ಕೇಳಬೇಕು. ಕೇಳುವುದು ರೋಗಿಯ ಹಕ್ಕು.

ಸಂಘಗಳು ಮಾಡಬಹುದಾದ ಕೆಲಸ

ಕನ್ನಡ ಸಂಘಗಳು, ತುಳು-ಕನ್ನಡಿಗರ ಸಮಾಜ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತ ಬಂದಿರುವುದು ಶ್ಲಾಘನೀಯ. ಅಲ್ಲಿ ಬಿ.ಪಿ., ಶುಗರ್ ನೋಡಿ ಚೀಟಿ ಕೊಡುವುದರ ಜೊತೆಗೆ ಒಂದು ಮೇಜನ್ನು 'ಮಾತ್ರೆ ಚೀಲ'ಕ್ಕೆ ಮೀಸಲಿಡಬಹುದು. ಸದಸ್ಯರು ಮನೆಯ ಮಾತ್ರೆಗಳನ್ನೆಲ್ಲ ತರಲಿ. ಸಮಾಜದಲ್ಲೇ ಇರುವ ವೈದ್ಯರು, ಔಷಧಿ ಅಂಗಡಿ ನಡೆಸುವವರು, ದಾದಿಯರು ಕುಳಿತು ಒಂದೇ ಔಷಧಿ ಎರಡು ಹೆಸರಿನಲ್ಲಿ ಇದೆಯೇ, ಅವಧಿ ಮುಗಿದದ್ದಿದೆಯೇ, ಯಾವುದನ್ನು ಯಾವಾಗ ನುಂಗಬೇಕು ಎಂಬುದನ್ನು ಕನ್ನಡದಲ್ಲಿ, ತುಳುವಿನಲ್ಲಿ ತಿಳಿಹೇಳಲಿ. ಅಂಗೈ ಅಗಲದ ಕಾರ್ಡೊಂದರಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿಯಲ್ಲಿ ರೋಗಿಯ ಕಾಯಿಲೆ, ಮಾತ್ರೆ, ಪ್ರಮಾಣ, ಮನೆಯವರ ಫೋನ್ ಸಂಖ್ಯೆ ಬರೆದುಕೊಟ್ಟರೆ ಅದಕ್ಕೆ ತಗಲುವ ಖರ್ಚು ಅತ್ಯಲ್ಪ. ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದ ದಿನ ನಾಡಿ ಎಣಿಸುವುದನ್ನು ಹತ್ತು ನಿಮಿಷ ಹೇಳಿಕೊಟ್ಟರೂ ಸಾಕು, ಅದು ಹಲವು ಮನೆ ಮುಟ್ಟುತ್ತದೆ.

ದುಡಿದು ಮಕ್ಕಳನ್ನು ದಡ ಸೇರಿಸಿದ ಹಿರಿಯರು ಇನ್ನಷ್ಟು ವರ್ಷ ಸಂಘದ ಸಭೆಗಳ ಮುಂದಿನ ಸಾಲಿನಲ್ಲಿ ಕುಳಿತಿರಬೇಕಾದರೆ ಅವರ ಡಬ್ಬಿಯೊಳಗಿನ ಮಾತ್ರೆಯ ಮೇಲೆ ಮನೆಯವರ ಕಣ್ಣಿರಬೇಕು. ಈ ಸಂಜೆ ಆ ಡಬ್ಬಿಯನ್ನು ತೆರೆದು, ಇನ್ನೆಷ್ಟು ದಿನದ ಮಾತ್ರೆ ಉಳಿದಿದೆ ಎಂದು ಎಣಿಸಿದರೆ ಅದೇ ಒಳ್ಳೆಯ ಆರಂಭ.